ಮಲೆನಾಡಿನ ಅಂಗಳದಿಂದ ದೂರದ ಗ್ರಹದ ನೆರಳು ಹಿಡಿಯುವುದು ಹೇಗೆ: ಒಂದು ಸಮಗ್ರ ಮಾರ್ಗದರ್ಶಿ

ಪುನರ್ವಸು ಮಳೆ ಗೊತ್ತಿಲ್ಲದವರು ನಮ್ಮ ಕಡೆ ಯಾರೂ ಇಲ್ಲ. ಜುಲೈ ಮೊದಲ ವಾರ ಹಿಡಿದರೆ ಗದ್ದೆ, ತೋಟ, ಹಳ್ಳ ಎಲ್ಲ ಒಂದಾಗಿಬಿಡುತ್ತದೆ. ಆದರೆ ಪುನರ್ವಸು ನಕ್ಷತ್ರವನ್ನು ಕಣ್ಣಾರೆ ನೋಡಿದವರು ಎಷ್ಟು ಜನ? ಆ ಮಳೆ ಹೊಡೆಯುವ ದಿನಗಳಲ್ಲಿ ಅದು ಕಾಣುವುದೂ ಇಲ್ಲ. ಮೋಡ ಸರಿದರೂ ಕಾಣುವುದಿಲ್ಲ, ಯಾಕೆಂದರೆ ಸೂರ್ಯ ಆಗ ಅದೇ ದಿಕ್ಕಿನಲ್ಲಿ ಇರುತ್ತಾನೆ. ಮಳೆಗೆ ಆ ಹೆಸರು ಬಂದದ್ದೇ ಹಾಗೆ. ನಕ್ಷತ್ರ ನೋಡಬೇಕಾದರೆ ಇನ್ನೂ ಆರು ತಿಂಗಳು ಕಾಯಬೇಕು.

ಜನವರಿಯಲ್ಲಿ ರಾತ್ರಿ ಊಟಕ್ಕೆ ಮುಂಚೆ ಅಂಗಳಕ್ಕೆ ಬಂದು ಪೂರ್ವಕ್ಕೆ ನೋಡಿ. ಜೋಡಿ ನಕ್ಷತ್ರ ಕಾಣುತ್ತದೆ. ಎಡಗಡೆಯದು ಬಿಳಿ. ಬಲಗಡೆಯದು ಸ್ವಲ್ಪ ಹಳದಿ, ಬೆಳಕೂ ಜಾಸ್ತಿ. ಈ ಹಳದಿ ನಕ್ಷತ್ರದ ಹೆಸರು ಪೊಲಕ್ಸ್. ನಮ್ಮಿಂದ 34 ಜ್ಯೋತಿರ್ವರ್ಷ ದೂರ. ಅದರ ಸುತ್ತ ಗುರು ಗ್ರಹದ ಎರಡು ಪಟ್ಟಿಗಿಂತ ಹೆಚ್ಚು ತೂಕದ ಗ್ರಹವೊಂದು ಸುತ್ತುತ್ತಿದೆ, ಒಂದು ಸುತ್ತಿಗೆ ಸುಮಾರು 590 ದಿನ ಬೇಕು. ಇದು ಖಚಿತವಾದದ್ದು 2006ರಲ್ಲಿ. ಅಜ್ಜಂದಿರ ಕಾಲದಿಂದ ಬಾಯಲ್ಲಿರುವ ಹೆಸರಿನ ನಕ್ಷತ್ರಕ್ಕೇ ಒಂದು ಗ್ರಹ ಇದೆ ಅಂತ ತಿಳಿದ ದಿನ ನನಗೆ ನಿದ್ದೆ ಬರಲಿಲ್ಲ.

ಆ ಗ್ರಹ ಬರಿಗಣ್ಣಿಗೂ ಕಾಣುವುದಿಲ್ಲ, ಮನೆಯಲ್ಲಿಡುವ ಟೆಲಿಸ್ಕೋಪಿಗೂ ಕಾಣುವುದಿಲ್ಲ. ನಕ್ಷತ್ರದ ಬೆಳಕಿನಲ್ಲಿ ಮುಳುಗಿಹೋಗಿರುತ್ತದೆ. ಆದರೆ ಇಂಥ ಕೆಲವು ಗ್ರಹಗಳ ನೆರಳನ್ನು ನಾವು ಹಿಡಿಯಬಹುದು. ನಿಮ್ಮದೇ ಅಂಗಳದಿಂದ, ಮದುವೆ ಫೋಟೊ ತೆಗೆಯುವಂಥ ಕ್ಯಾಮೆರಾದಿಂದ. ತೀರ್ಥಹಳ್ಳಿ ಕಡೆಯ ನಮ್ಮ ಮನೆ ಅಂಗಳದಲ್ಲಿ ಎರಡು ಚಳಿಗಾಲ ಕೂತು ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಎಕ್ಸೋಪ್ಲಾನೆಟ್, ಬಾಹ್ಯಗ್ರಹ ಎಂದೆಲ್ಲ ಹೆಸರುಗಳಿವೆ. ನಾನು ಸುಮ್ನೆ ದೂರದ ಗ್ರಹ ಅನ್ನುತ್ತೇನೆ.

ಮೊದಲು ಜಾಗ, ಕಾಲ

ಮಲೆನಾಡಿನ ಕತ್ತಲೆ ದೊಡ್ಡ ಆಸ್ತಿ. ಶಿವಮೊಗ್ಗ ಪೇಟೆಯ ಬೆಳಕು ದಾಟಿ ಒಳಗೆ ಬಂದರೆ ಆಕಾಶಗಂಗೆ ಬರಿಗಣ್ಣಿಗೆ ಸಿಗುತ್ತದೆ. ಆದರೆ ಇಲ್ಲಿ ಎರಡು ತೊಂದರೆ ಇವೆ: ಮರ ಮತ್ತು ನೀರು. ಅಡಿಕೆ ತೋಟದ ನಡುವೆ ನಿಂತರೆ ತಲೆ ಮೇಲಿನ ಒಂದು ತುಂಡು ಆಕಾಶ ಬಿಟ್ಟು ಬೇರೇನೂ ಕಾಣುವುದಿಲ್ಲ. ಅಡಿಕೆ ಒಣಗಿಸುವ ಅಂಗಳ, ಕೊಯ್ಲಾದ ಗದ್ದೆ, ಸಾಗರ ಕಡೆಯವರಾದರೆ ಶರಾವತಿ ಹಿನ್ನೀರಿನ ದಂಡೆ, ಇವು ಒಳ್ಳೆಯ ಜಾಗ. ಕುಂದಾದ್ರಿ, ಕೊಡಚಾದ್ರಿಯ ತುದಿ ಎಲ್ಲರಿಗೂ ನೆನಪಾಗುತ್ತದೆ. ಅಲ್ಲಿ ರಾತ್ರಿ ಇರಲು ಅನುಮತಿ ಬೇಕು, ದಾರಿಯಲ್ಲಿ ಕಾಟಿ ಎದುರಾಗಬಹುದು. ನಾಲ್ಕು ಗಂಟೆ ಒಂದೇ ಕಡೆ ಕೂರುವ ಕೆಲಸಕ್ಕೆ ಮನೆ ಅಂಗಳವೇ ಲೇಸು. ಕಾಫಿಯೂ ಹತ್ತಿರ ಇರುತ್ತದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶದ ಆಸೆ ಬಿಡಿ. ದೀಪಾವಳಿಯಿಂದ ಶಿವರಾತ್ರಿವರೆಗೆ ನಮ್ಮ ಸುಗ್ಗಿ. ಅಮಾವಾಸ್ಯೆಯ ಆಚೀಚೆ ವಾರ ಒಳ್ಳೆಯದು. ಟಾರ್ಚಿಗೆ ಕೆಂಪು ಜಿಲೆಟಿನ್ ಕಾಗದ ಸುತ್ತಿ. ಕಣ್ಣು ಕತ್ತಲೆಗೆ ಹೊಂದಲು ಅರ್ಧ ಗಂಟೆ ಬೇಕು, ಒಂದು ಸಲ ಮೊಬೈಲ್ ನೋಡಿದರೆ ಮತ್ತೆ ಮೊದಲಿನಿಂದ ಶುರು.

ಬರಿಗಣ್ಣಿನ ಮೂರು ನಕ್ಷತ್ರ

ಪೊಲಕ್ಸ್ ಒಂದಾಯಿತು. ಎರಡನೆಯದು 51 ಪೆಗಾಸಿ. ನವೆಂಬರ್ ಸಂಜೆ ನೆತ್ತಿಯ ಹತ್ತಿರ ನಾಲ್ಕು ನಕ್ಷತ್ರಗಳ ದೊಡ್ಡ ಚೌಕ ಕಾಣುತ್ತದೆ. ನಮ್ಮ ಪೂರ್ವಾಭಾದ್ರಾ, ಉತ್ತರಾಭಾದ್ರಾ ಸೇರಿ ಆಗುವ ಚೌಕ ಅದು. ಪಶ್ಚಿಮ ಬದಿಯ ಎರಡು ನಕ್ಷತ್ರಗಳ ನಡುವೆ ಒಂದು ಗೆರೆ ಎಳೆಯಿರಿ. ಗೆರೆಯ ಮಧ್ಯದಿಂದ ಸ್ವಲ್ಪವೇ ಹೊರಗೆ ಒಂದು ಮಂದ ಚುಕ್ಕಿ ಇದೆ. ಒಳ್ಳೆಯ ಕತ್ತಲೆಯಲ್ಲಿ ಬರಿಗಣ್ಣಿಗೆ ಸಿಗುತ್ತದೆ, ಇಲ್ಲದಿದ್ದರೆ ಬೈನಾಕ್ಯುಲರ್ ಹಿಡಿಯಿರಿ. ಸೂರ್ಯನಂಥ ನಕ್ಷತ್ರದ ಸುತ್ತ ಮೊದಲ ಗ್ರಹ ಸಿಕ್ಕಿದ್ದು ಇಲ್ಲೇ, 1995ರಲ್ಲಿ. ಕಂಡುಹಿಡಿದ ಮಿಶೆಲ್ ಮೇಯರ್ ಮತ್ತು ದಿದಿಯೆ ಕೆಲೊ ಅವರಿಗೆ 2019ರಲ್ಲಿ ನೊಬೆಲ್ ಬಂತು. ಗುರುವಿನ ಅರ್ಧದಷ್ಟು ತೂಕದ ಆ ಗ್ರಹ ನಾಲ್ಕೇ ದಿನಕ್ಕೊಂದು ಸುತ್ತು ಮುಗಿಸುತ್ತದೆ. ಹೀಗೂ ಇರಬಹುದು ಎಂದು ಹೆಚ್ಚಿನವರು ಎಣಿಸಿರಲಿಲ್ಲ. ಅಲ್ಲಿಂದ ಶುರುವಾದ ದೂರದ ಗ್ರಹಗಳ ಲೆಕ್ಕ 2025ರಲ್ಲಿ 6000 ದಾಟಿತು.

ಮೂರನೆಯದು ಆಲ್ಫಾ ಸೆಂಟಾರಿ. ದೆಹಲಿಯವರಿಗಿಂತ ನಮಗೆ ಇದು ಚೆನ್ನಾಗಿ ಸಿಗುತ್ತದೆ. ಮೇ ತಿಂಗಳ ಮಧ್ಯದಲ್ಲಿ ರಾತ್ರಿ ಹನ್ನೊಂದೂವರೆಗೆ ನೇರ ದಕ್ಷಿಣಕ್ಕೆ, ದಿಗಂತದಿಂದ 15 ಡಿಗ್ರಿ ಮೇಲೆ ಇರುತ್ತದೆ. ಕೈ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಅಂದರೆ ಒಂದೂವರೆ ಮುಷ್ಟಿ. ದಕ್ಷಿಣಕ್ಕೆ ಗುಡ್ಡ ಇದ್ದವರಿಗೆ ಕಷ್ಟ. ಇದರ ಜೊತೆಯ ಸಣ್ಣ ನಕ್ಷತ್ರ ಪ್ರಾಕ್ಸಿಮಾ, ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರ: 4.24 ಜ್ಯೋತಿರ್ವರ್ಷ. ಅದು ಬರಿಗಣ್ಣಿಗೆ ಕಾಣದು. 2016ರಲ್ಲಿ ಅದರ ಸುತ್ತ ಭೂಮಿಯಷ್ಟೇ ತೂಕ ಇರಬಹುದಾದ ಗ್ರಹ ಸಿಕ್ಕಿತು.

ಆಕಾಶಬುಟ್ಟಿ ಮತ್ತು ಅಡಿಕೆ

ಮುಂದಿನ ಹೆಜ್ಜೆಗೆ ಮುಂಚೆ ಇದೊಂದನ್ನು ಮನೆಯೊಳಗೆ ಮಾಡಿ ನೋಡಿ. ಮಕ್ಕಳಿದ್ದರೆ ಇನ್ನೂ ಚೆನ್ನ. ಒಂದು ಅಡಿ ಅಗಲದ ದುಂಡಗಿನ ಆಕಾಶಬುಟ್ಟಿ ತೂಗುಹಾಕಿ ದೀಪ ಹಚ್ಚಿ. ಅದು ಸೂರ್ಯ. ಅದರ ಮುಂದೆ ಒಂದು ಸುಲಿದ ಗೋಟಡಿಕೆ ಹಿಡಿಯಿರಿ. ಅದು ಗುರು. ಅಗಲದಲ್ಲಿ ಹತ್ತರಲ್ಲಿ ಒಂದು ಪಾಲು. ಹಾಗಾದರೆ ಅದು ಮರೆಮಾಡುವ ಬೆಳಕು ಎಷ್ಟು? ಹತ್ತರಲ್ಲಿ ಒಂದಲ್ಲ, ನೂರರಲ್ಲಿ ಒಂದು. ಯಾಕೆಂದರೆ ಉದ್ದಕ್ಕೂ ಹತ್ತರ ಪಾಲು, ಅಗಲಕ್ಕೂ ಹತ್ತರ ಪಾಲು. ಭೂಮಿ ಹಿಡಿಯಬೇಕಾದರೆ ದಪ್ಪದೊಂದು ಸಾಸಿವೆ ಕಾಳು ಸಾಕು. ಅದು ತಡೆಯುವ ಬೆಳಕು ಹತ್ತು ಸಾವಿರದಲ್ಲಿ ಒಂದು ಪಾಲೂ ಇಲ್ಲ.

ಮೊಬೈಲಿನ ಬೆಳಕು ಅಳೆಯುವ ಆ್ಯಪ್ ಇಟ್ಟು ನಾನು ಪರೀಕ್ಷೆ ಮಾಡಿದೆ. ಕಿತ್ತಳೆ ಹಣ್ಣಿಗೆ ಅಂಕಿ ಇಳಿಯಿತು. ಅಡಿಕೆಗೆ ಕದಲಲಿಲ್ಲ. ಗುರುವಿನಂಥ ದೊಡ್ಡ ಗ್ರಹಗಳು ಮನೆಯಿಂದ ನೋಡುವವರಿಗೆ ಸಿಗುತ್ತವೆ, ಭೂಮಿಯಂಥವು ಯಾಕೆ ಸಿಗುವುದಿಲ್ಲ ಅನ್ನುವುದು ಕಾಳನ್ನು ಬೆರಳ ತುದಿಯಲ್ಲಿ ಹಿಡಿದಾಗ ಅರ್ಥವಾಗುತ್ತದೆ.

ಗ್ರಹ ಹೀಗೆ ತನ್ನ ನಕ್ಷತ್ರದ ಮುಂದೆ ಹಾಯುವುದಕ್ಕೆ ಟ್ರಾನ್ಸಿಟ್ ಅನ್ನುತ್ತಾರೆ. 2004ರಲ್ಲಿ, 2012ರಲ್ಲಿ ಶುಕ್ರ ಸಂಕ್ರಮ ಆಯಿತಲ್ಲ, ಅದೇ ಸಂಗತಿ.

ಬೈನಾಕ್ಯುಲರಿನಲ್ಲಿ ಗುರು

10x50 ಬೈನಾಕ್ಯುಲರ್ ಇದ್ದರೆ ಜಗಲಿ ಕಂಬಕ್ಕೆ ಒರಗಿ ಗುರುವನ್ನು ನೋಡಿ. ಎಲ್ಲಿದೆ ಅಂತ ಪಂಚಾಂಗ ಹೇಳುತ್ತದೆ. ಗುರು ಯಾವ ನಕ್ಷತ್ರದಲ್ಲಿದೆ ಎಂದು ಬರೆದಿದೆಯೋ ಆಕಾಶದಲ್ಲೂ ಹೆಚ್ಚುಕಮ್ಮಿ ಅಲ್ಲೇ ಸಿಗುತ್ತದೆ. ಅಕ್ಕಪಕ್ಕ ಒಂದೇ ಸಾಲಿನಲ್ಲಿ ಕಾಣುವ ಚುಕ್ಕಿಗಳು ಗೆಲಿಲಿಯೋ 1610ರಲ್ಲಿ ಕಂಡ ಚಂದ್ರಗಳು. ಅದರಲ್ಲೊಂದು ಯುರೋಪಾ. ಮೇಲೆ ಮಂಜುಗಡ್ಡೆ, ಅದರ ಅಡಿಯಲ್ಲಿ ಉಪ್ಪುನೀರಿನ ಸಮುದ್ರ ಇದೆ ಎಂದು ವಿಜ್ಞಾನಿಗಳು ಬಲವಾಗಿ ನಂಬಿದ್ದಾರೆ. ಅದನ್ನು ಪರೀಕ್ಷಿಸಲು ಯುರೋಪಾ ಕ್ಲಿಪ್ಪರ್ ನೌಕೆ 2024ರ ಅಕ್ಟೋಬರ್ 14ರಂದು ಹೊರಟಿದೆ, 2030ಕ್ಕೆ ಮುಟ್ಟಬೇಕು. ಜೀವ ಹುಡುಕುವ ಜಾಗಗಳಲ್ಲಿ ನೀವು ನೇರವಾಗಿ ಕಣ್ಣಿಟ್ಟು ನೋಡಬಹುದಾದದ್ದು ಇಂಥ ಒಂದೆರಡೇ.

ನೆರಳು ಹಿಡಿಯುವ ರಾತ್ರಿ

ಈಗ ಮುಖ್ಯ ಕೆಲಸ. ನಮ್ಮ ಗುರಿ ಎಚ್‌ಡಿ 189733 ಎಂಬ ನಕ್ಷತ್ರ. 2005ರಲ್ಲಿ ಇದರ ಗ್ರಹ ಸಿಕ್ಕಿತು. ಇದನ್ನೇ ಆರಿಸಲು ಕಾರಣ ಇದೆ. ನಕ್ಷತ್ರ ಸೂರ್ಯನಿಗಿಂತ ಸ್ವಲ್ಪ ಸಣ್ಣದು, ಗ್ರಹ ಗುರುವಿಗಿಂತ ಸ್ವಲ್ಪ ದಪ್ಪ. ಹಾಗಾಗಿ ಬೆಳಕು ನೂರಕ್ಕೆ 2.4ರಷ್ಟು ಇಳಿಯುತ್ತದೆ. ಗ್ರಹ 2.2 ದಿನಕ್ಕೊಮ್ಮೆ ಸುತ್ತುವುದರಿಂದ ಅವಕಾಶವೂ ಬೇಗ ಬೇಗ ಬರುತ್ತದೆ. ಸಣ್ಣ ಲೆಕ್ಕ ಹೇಳುತ್ತೇನೆ, ಬರೆದಿಟ್ಟುಕೊಳ್ಳಿ: ಒಂಬತ್ತು ಸುತ್ತಿಗೆ ಹೆಚ್ಚುಕಮ್ಮಿ 20 ದಿನ. ಇವತ್ತು ರಾತ್ರಿ ಎಂಟೂವರೆಗೆ ಟ್ರಾನ್ಸಿಟ್ ಆದರೆ, 20ನೇ ದಿನ ಸುಮಾರು ಮುಕ್ಕಾಲು ಗಂಟೆ ಮೊದಲು ಮತ್ತೆ ಆಗುತ್ತದೆ.

ಯಾವ ದಿನ, ಎಷ್ಟು ಹೊತ್ತಿಗೆ ಎಂದು ಜೆಕ್ ಖಗೋಳ ಸಂಘದ ಎಕ್ಸೋಪ್ಲಾನೆಟ್ ಟ್ರಾನ್ಸಿಟ್ ಡೇಟಾಬೇಸ್‌ನಲ್ಲಿ ನೋಡಬಹುದು. ಶಿವಮೊಗ್ಗಕ್ಕೆ ಅಕ್ಷಾಂಶ 13.9, ರೇಖಾಂಶ 75.6 ಎಂದು ಹಾಕಿ. ಅಲ್ಲಿ ಬರುವುದು ವಿಶ್ವ ಸಮಯ, ಅದಕ್ಕೆ ಐದೂವರೆ ಗಂಟೆ ಕೂಡಿಸಿದರೆ ನಮ್ಮ ಗಡಿಯಾರ. ಅಕ್ಟೋಬರ್ ಕೊನೆ, ನವೆಂಬರ್ ಮೊದಲ ಭಾಗದಲ್ಲಿ ಈ ನಕ್ಷತ್ರ ಸಂಜೆ ಏಳಕ್ಕೆ ಎತ್ತರದಲ್ಲಿರುತ್ತದೆ, ಹತ್ತಕ್ಕೆ ಪಶ್ಚಿಮದ ಮರಗಳ ಹಿಂದೆ ಹೋಗುತ್ತದೆ. ಆ ಮೂರು ಗಂಟೆಯೊಳಗೆ ಬೀಳುವ ಟ್ರಾನ್ಸಿಟ್ ಆರಿಸಿ.

ಹುಡುಕುವ ದಾರಿ ಹೀಗೆ. ಮೊದಲು ಶ್ರವಣ ನಕ್ಷತ್ರ ಹಿಡಿಯಿರಿ, ಪಶ್ಚಿಮ ಆಕಾಶದಲ್ಲಿ ಬಿಳಿಯಾಗಿ ಹೊಳೆಯುತ್ತದೆ. ಅಲ್ಲಿಂದ ಒಂದು ಮುಷ್ಟಿ ಉತ್ತರಕ್ಕೆ ಬಾಣದ ಆಕಾರದ ಸಣ್ಣ ನಕ್ಷತ್ರಪುಂಜ. ಬಾಣದ ಮೊನೆಯಿಂದ ಎರಡು ಬೆರಳು ಉತ್ತರಕ್ಕೆ, ಬೈನಾಕ್ಯುಲರಿನಲ್ಲಿ, ಬೂದಿ ಮೆತ್ತಿದಂಥ ಮಸುಕು ಕಾಣುತ್ತದೆ. ಅದು ಎಂ 27 ಎಂಬ ನೆಬ್ಯುಲಾ, ಅಂದರೆ ಅನಿಲದ ಮೋಡ. ಹುಣ್ಣಿಮೆ ಚಂದ್ರನ ಅರ್ಧ ಅಗಲದಷ್ಟು ಅದರ ಪೂರ್ವಕ್ಕೆ ನಮ್ಮ ನಕ್ಷತ್ರ.

ಬೇಕಾದ ಸಾಮಾನು: ಲೆನ್ಸ್ ಬದಲಿಸಬಹುದಾದ ಡಿಎಸ್‌ಎಲ್‌ಆರ್ ಕ್ಯಾಮೆರಾ, 200 ಮಿಮೀ ಲೆನ್ಸ್, ಗಟ್ಟಿ ಟ್ರೈಪಾಡ್, ನಕ್ಷತ್ರದ ಜೊತೆ ನಿಧಾನ ತಿರುಗುವ ಸ್ಟಾರ್ ಟ್ರ್ಯಾಕರ್. ಟ್ರ್ಯಾಕರನ್ನು ಧ್ರುವ ನಕ್ಷತ್ರಕ್ಕೆ ಗುರಿಯಿಡಬೇಕು. ಇಲ್ಲೊಂದು ಮಲೆನಾಡಿನ ಕಷ್ಟ. ಧ್ರುವ ನಮ್ಮಲ್ಲಿ ದಿಗಂತದಿಂದ 14 ಡಿಗ್ರಿ ಮಾತ್ರ ಮೇಲಿದೆ. ನಮ್ಮ ಮನೆಗೆ ಉತ್ತರಕ್ಕೆ ಗುಡ್ಡ, ನಾನು ಅಂಗಳದಿಂದ ಧ್ರುವವನ್ನು ನೋಡಿದ್ದೇ ಇಲ್ಲ. ಟ್ರ್ಯಾಕರಿನ ಓರೆ 14 ಡಿಗ್ರಿಗೆ ಇಟ್ಟು, ದಿಕ್ಸೂಚಿಯಿಂದ ಉತ್ತರ ಹೊಂದಿಸಿ, ಎರಡು ನಿಮಿಷದ ಫೋಟೊ ತೆಗೆದು ನಕ್ಷತ್ರ ಎತ್ತ ಜಾರುತ್ತದೆ ನೋಡಿ ತಿದ್ದುತ್ತೇನೆ. ಐದಾರು ಸಲ ತಿದ್ದಿದರೆ ಸಾಕಾಗುತ್ತದೆ.

ಇನ್ನು ಫೋಟೊ. ಕ್ಯಾಮೆರಾ ಗಡಿಯಾರವನ್ನು ಮೊಬೈಲ್ ಸಮಯಕ್ಕೆ ಸೆಕೆಂಡ್ ತಪ್ಪದಂತೆ ಹೊಂದಿಸಿ. ಜೆಪೆಗ್ ಬೇಡ, ಕ್ಯಾಮೆರಾ ಕಂಡದ್ದನ್ನು ಹಾಗೇ ಇಡುವ ರಾ ಫೈಲ್ ಇರಲಿ. ಫೋಕಸನ್ನು ಬೇಕಂತಲೇ ಸ್ವಲ್ಪ ಕೆಡಿಸಿ. ಚೂಪಾದ ಚುಕ್ಕಿಯಾದರೆ ಬೆಳಕು ನಾಲ್ಕೈದು ಪಿಕ್ಸೆಲ್‌ನಲ್ಲೇ ತುಂಬಿ ಹರಿದುಬಿಡುತ್ತದೆ, ಅಳತೆ ಕೆಡುತ್ತದೆ. ಸಣ್ಣ ಬೊಟ್ಟಿನಷ್ಟು ಅಗಲವಾದರೆ ಚೆನ್ನ. ಒಂದೊಂದೂ 30 ಸೆಕೆಂಡಿನ ಫೋಟೊ. ಟ್ರಾನ್ಸಿಟ್ ಶುರುವಾಗುವ ಮುಂಚೆ ಮುಕ್ಕಾಲು ಗಂಟೆ, ಮುಗಿದ ಮೇಲೆ ಆದಷ್ಟು ಹೊತ್ತು ತೆಗೆಯಿರಿ. ಟ್ರಾನ್ಸಿಟ್‌ಗೇ ಸುಮಾರು ಒಂದು ಗಂಟೆ ಐವತ್ತು ನಿಮಿಷ ಹಿಡಿಯುತ್ತದೆ. ಮುನ್ನೂರು ಫೋಟೊ ಆಗುತ್ತದೆ. ಕೊನೆಗೆ ಲೆನ್ಸ್ ಮುಚ್ಚಿ ಇಪ್ಪತ್ತು ಫೋಟೊ. ಫೋಕಸ್ ಮುಟ್ಟದೆ ಹಾಗೇ ಇಟ್ಟು, ಬೆಳಗಿನ ನಸುಕಿನಲ್ಲಿ ಒಗೆದ ಬಿಳಿ ಪಂಚೆ ಬಿಗಿದು ಇನ್ನಿಪ್ಪತ್ತು. ಕ್ಯಾಮೆರಾದ ದೋಷ, ಧೂಳಿನ ಕಲೆ ಕಳೆಯಲು ಇವು ಬೇಕೇ ಬೇಕು.

ಇಬ್ಬನಿಯ ಪಾಠ

ನನ್ನ ಮೊದಲ ರಾತ್ರಿಯ ಕತೆ ಹೇಳಲೇಬೇಕು. ಎಂಟು ಗಂಟೆಯ ಹೊತ್ತಿಗೆ ಅಪ್ಪಯ್ಯ ಬಾಗಿಲಿಗೆ ಬಂದು, "ಇಬ್ನಿ ಬೀಳ್ತಾ ಇದೆ, ತಲೆಗೆ ಎಂತಾದ್ರೂ ಕಟ್ಕೋ ಮಾರಾಯ" ಅಂದರು. ನಾನು ಮಫ್ಲರ್ ಸುತ್ತಿಕೊಂಡೆ. ಮರುದಿನ ನಕ್ಷತ್ರದ ಬೆಳಕನ್ನು ಅಳೆದು ಗೆರೆ ಎಳೆದಾಗ ಅದು ಎಂಟೂಕಾಲಕ್ಕೆ ಸರಿಯಾಗಿ ಇಳಿಯತೊಡಗಿತ್ತು. ಸಿಕ್ಕಿತು ಅಂತ ಮನೆಯವರನ್ನೆಲ್ಲ ಕರೆದೆ. ಆದರೆ ಇಳಿಕೆ ನೂರಕ್ಕೆ ಎರಡಕ್ಕೆ ನಿಲ್ಲಲಿಲ್ಲ. ಐದು, ಹತ್ತು, ಮೂವತ್ತು. ಮತ್ತೆ ಮೇಲೆ ಏಳಲೂ ಇಲ್ಲ. ಕೊನೆಯ ಫೋಟೊ ತೆರೆದು ನೋಡಿದರೆ ಪ್ರತಿ ನಕ್ಷತ್ರದ ಸುತ್ತ ಹಾಲಿನಂಥ ಬಳೆ. ತಲೆಗೆ ಕಟ್ಟಿದ್ದೆ, ಲೆನ್ಸಿಗೆ ಕಟ್ಟಿರಲಿಲ್ಲ.

ಆ ದಿನ ಎರಡು ವಿಷಯ ಕಲಿತೆ. ಒಂದು, ಮಲೆನಾಡಿನಲ್ಲಿ ಲೆನ್ಸನ್ನು ಬೆಚ್ಚಗಿಡಬೇಕು. ಯುಎಸ್‌ಬಿ ಹೀಟರ್ ಪಟ್ಟಿ ಸಿಗುತ್ತದೆ, ಪವರ್ ಬ್ಯಾಂಕಿಗೆ ಹಾಕಿ ಲೆನ್ಸಿಗೆ ಸುತ್ತಬಹುದು. ಮುಂದಕ್ಕೆ ಕೊಳವೆಯಂತೆ ಒಂದು ಮುಚ್ಚಿಗೆ ಬೇಕು. ನಾನು ಅಡಿಕೆ ಹಾಳೆ ನೆನೆಸಿ, ಲೆನ್ಸಿನ ಅಳತೆಗೆ ಸುತ್ತಿ ಒಣಗಿಸಿ, ಒಳಗೆ ಕಪ್ಪು ಕಾಗದ ಅಂಟಿಸಿದೆ. ಇವತ್ತಿಗೂ ಅದನ್ನೇ ಬಳಸುತ್ತೇನೆ.

ಎರಡನೆಯದು ಇನ್ನೂ ಮುಖ್ಯ. ಒಂದೇ ನಕ್ಷತ್ರವನ್ನು ಅಳೆದರೆ ಏನೂ ತಿಳಿಯುವುದಿಲ್ಲ. ಅದೇ ಫೋಟೊದಲ್ಲಿ ಅಷ್ಟೇ ಬೆಳಕಿನ ಮೂರ್ನಾಲ್ಕು ನೆರೆಯ ನಕ್ಷತ್ರಗಳನ್ನೂ ಅಳೆಯಬೇಕು. ಮಂಜು, ಇಬ್ಬನಿ, ತೆಳು ಮೋಡ ಬಂದರೆ ಎಲ್ಲವೂ ಒಟ್ಟಿಗೆ ಮಂಕಾಗುತ್ತವೆ. ಗ್ರಹ ಅಡ್ಡ ಬಂದರೆ ಒಂದು ಮಾತ್ರ ಮಂಕಾಗುತ್ತದೆ. ನಮ್ಮದನ್ನು ನೆರೆಯವುಗಳಿಂದ ಭಾಗಿಸಿ ಬಂದ ಅಂಕಿಯಷ್ಟೇ ನಂಬಿಕೆಗೆ ಯೋಗ್ಯ.

ಇದಕ್ಕೆಲ್ಲ ಉಚಿತ ಸಾಫ್ಟ್‌ವೇರ್ ಇದೆ. ಸಿರಿಲ್‌ನಲ್ಲಿ ರಾ ಫೈಲಿನ ಹಸಿರು ಭಾಗ ಬೇರ್ಪಡಿಸಿ, ಆಸ್ಟ್ರೋಇಮೇಜ್‌ಜೆಯಲ್ಲಿ ನಕ್ಷತ್ರಗಳ ಮೇಲೆ ವೃತ್ತ ಇಟ್ಟು ಓಡಿಸಿ. ಬಿಡಿಬಿಡಿ ಚುಕ್ಕಿಗಳು ಚೆಲ್ಲಾಪಿಲ್ಲಿ ಕಾಣುತ್ತವೆ, ಹೆದರಬೇಡಿ. ಹತ್ತು ಫೋಟೊಗಳ ಸರಾಸರಿ ತೆಗೆಯಿರಿ. ಗೆರೆ ಸಮತಟ್ಟಾಗಿ ಬಂದು, ಇಪ್ಪತ್ತು ಇಪ್ಪತ್ತೈದು ನಿಮಿಷದಲ್ಲಿ 1ರಿಂದ 0.976ಕ್ಕೆ ಇಳಿದು, ತಳದಲ್ಲಿ ಒಂದು ಗಂಟೆ ಇದ್ದು, ಹಾಗೇ ಮೇಲೆದ್ದರೆ ನೀವು ಗ್ರಹವೊಂದರ ನೆರಳು ಹಿಡಿದಿರಿ. ನನಗೆ ಅದು ಸಿಕ್ಕಿದ್ದು ನಾಲ್ಕನೇ ಪ್ರಯತ್ನದಲ್ಲಿ. ಆ ತಗ್ಗನ್ನು ಬೆರಳಿನಿಂದ ಮುಟ್ಟಿ ನೋಡಿದೆ. ಆ ಬೆಳಕು ಹೊರಟದ್ದು ಅರವತ್ತಕ್ಕೂ ಹೆಚ್ಚು ವರ್ಷದ ಹಿಂದೆ. ಅಪ್ಪಯ್ಯ ಆಗ ಸಣ್ಣ ಹುಡುಗ.

ಸಿಕ್ಕಿದ ಗೆರೆಯನ್ನು ಅದೇ ಡೇಟಾಬೇಸಿಗೆ ಕಳಿಸಿ. ನಾಸಾದ ಎಕ್ಸೋಪ್ಲಾನೆಟ್ ವಾಚ್‌ನಲ್ಲೂ ಸಾಮಾನ್ಯ ಜನ ಸೇರಬಹುದು. ದೊಡ್ಡ ಟೆಲಿಸ್ಕೋಪ್‌ಗಳ ಸಮಯ ದುಬಾರಿ. ಟ್ರಾನ್ಸಿಟ್ ಯಾವ ನಿಮಿಷಕ್ಕೆ ಬರುತ್ತದೆ ಎಂಬ ಲೆಕ್ಕ ಸರಿಯಿರಲು ನಮ್ಮಂಥವರ ಅಳತೆ ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ಮಳೆಗಾಲದ ಕೆಲಸ

ಹೊರಗೆ ಆಗುಂಬೆ ಮಳೆ ಸುರಿಯುವಾಗ ಪ್ಲಾನೆಟ್ ಹಂಟರ್ಸ್ ಟೆಸ್ ಎಂಬ ಯೋಜನೆಯಲ್ಲಿ ಕೂರಬಹುದು. 2018ರಲ್ಲಿ ಹಾರಿದ ಟೆಸ್ ಉಪಗ್ರಹದ ಬೆಳಕಿನ ಗೆರೆಗಳನ್ನು ನೋಡಿ ತಗ್ಗು ಗುರುತಿಸುವುದಷ್ಟೇ ಕೆಲಸ. ನೆಟ್‌ವರ್ಕ್ ಇದ್ದರೆ ಮೊಬೈಲೇ ಸಾಕು. ಹೀಗೆ ಗುರುತಿಸುತ್ತಿದ್ದ ಸಾಮಾನ್ಯ ಜನರೇ ಹಿಂದೆ ಕೆಪ್ಲರ್ ದೂರದರ್ಶಕದ ಗೆರೆಗಳಲ್ಲಿ ಒಂದು ವಿಚಿತ್ರ ನಕ್ಷತ್ರ ಹಿಡಿದರು. ಅದರ ಬೆಳಕು ನೂರಕ್ಕೆ 22ರವರೆಗೂ ಇಳಿಯುತ್ತಿತ್ತು. ಅನ್ಯಗ್ರಹದವರು ಕಟ್ಟಿದ ಏನೋ ಅಡ್ಡ ಬರುತ್ತಿದೆ ಎಂದು 2015ರಲ್ಲಿ ಜಗತ್ತೆಲ್ಲ ಮಾತಾಡಿತು. ಮುಂದೆ ಅಳೆದು ನೋಡಿದಾಗ ನೀಲಿ ಬೆಳಕು ಜಾಸ್ತಿ, ಕೆಂಪು ಬೆಳಕು ಕಮ್ಮಿ ಇಳಿಯುತ್ತಿತ್ತು. ಗಟ್ಟಿ ವಸ್ತುವಾದರೆ ಎರಡೂ ಸಮನಾಗಿ ಇಳಿಯಬೇಕು. ಧೂಳು ಎಂದು ತಿಳಿಯಿತು.

ಜೀವ ಇದೆಯಾ? ಸುದ್ದಿ ಬಂದಾಗ ತೂಗಿ ನೋಡುವುದು

ಇಬ್ಬನಿ ನನಗೆ ಕಲಿಸಿದ ಪ್ರಶ್ನೆಯನ್ನೇ ಇಲ್ಲೂ ಕೇಳಬೇಕು. ಇದೇ ಗುರುತು ಬೇರೆ ಕಾರಣದಿಂದ ಬರಬಹುದಾ? ನಾವು ನೆರಳು ಹಿಡಿದ ಗ್ರಹದ ಬಣ್ಣ ನೀಲಿ ಎಂದು 2013ರಲ್ಲಿ ಹಬಲ್ ದೂರದರ್ಶಕದ ಅಳತೆ ಹೇಳಿತು. ನೀಲಿ ಅಂದ ಕೂಡಲೇ ಸಮುದ್ರ ನೆನಪಾಗುತ್ತದೆ, ಅಲ್ವಾ? ಅಲ್ಲಿ ಬಿಸಿ ಕುಲುಮೆಯಷ್ಟಿದೆ, ಸಮುದ್ರ ಇರಲು ಸಾಧ್ಯವೇ ಇಲ್ಲ.

2025ರ ಏಪ್ರಿಲ್‌ನ ಸುದ್ದಿ ನಿಮಗೆ ನೆನಪಿರಬಹುದು. ಕೇಂಬ್ರಿಜ್‌ನ ನಿಕ್ಕು ಮಧುಸೂದನ್ ಅವರ ತಂಡ ಜೇಮ್ಸ್ ವೆಬ್ ದೂರದರ್ಶಕದಿಂದ 124 ಜ್ಯೋತಿರ್ವರ್ಷ ದೂರದ ಕೆ2-18ಬಿ ಗ್ರಹವನ್ನು ನೋಡಿ, ಡೈಮೀಥೈಲ್ ಸಲ್ಫೈಡ್ ಅಥವಾ ಅದರಂಥ ಅನಿಲದ ಸುಳಿವಿದೆ ಎಂದಿತು. ನಮ್ಮ ಭೂಮಿಯಲ್ಲಿ ಅದನ್ನು ಹೆಚ್ಚಾಗಿ ಸಮುದ್ರದ ಸೂಕ್ಷ್ಮಜೀವಿಗಳು ಮಾಡುತ್ತವೆ. ಸುದ್ದಿ ಕೇಳಿ ನಾನೂ ಕುಣಿದಾಡಿದೆ. ಆಮೇಲೆ ತೂಗಿ ನೋಡಿದೆ. ಸುಳಿವಿನ ಬಲ ಮೂರು ಸಿಗ್ಮಾ. ಅಂದರೆ ಸುಮ್ನೆ ಆಕಸ್ಮಿಕವಾಗಿಯೂ ಹಾಗೆ ಕಾಣುವ ಸಂಭವ ಸಾವಿರಕ್ಕೆ ಮೂರರಷ್ಟು. ಕಂಡುಹಿಡಿದೆವು ಎನ್ನಲು ವಿಜ್ಞಾನಿಗಳು ಕೇಳುವುದು ಐದು ಸಿಗ್ಮಾ. ಬೇರೆ ತಂಡಗಳು ಅದೇ ಅಳತೆಯನ್ನು ಮತ್ತೆ ಪರೀಕ್ಷಿಸಿ ಗಟ್ಟಿ ಪುರಾವೆ ಕಾಣಲಿಲ್ಲ ಎಂದವು. ಆ ಅನಿಲ ಜೀವವಿಲ್ಲದ ಧೂಮಕೇತುವಿನಲ್ಲೂ ಸಿಕ್ಕಿದೆ. ಹಾಗಂತ ಅಲ್ಲಿ ಜೀವ ಇಲ್ಲ ಎಂದು ಹೇಳಲೂ ಬರುವುದಿಲ್ಲ. ಇನ್ನೂ ಅಳೆಯಬೇಕು ಅಷ್ಟೇ.

ಹಾಗಾದರೆ ಯಾವುದು ಒಳ್ಳೆಯ ಗುರುತು? ಆಮ್ಲಜನಕ ಮತ್ತು ಮೀಥೇನ್ ಎರಡೂ ಒಟ್ಟಿಗೆ ಇರುವುದು. ಇವು ಒಂದನ್ನೊಂದು ತಿಂದು ಮುಗಿಸುತ್ತವೆ. ಎರಡೂ ಉಳಿದಿದ್ದರೆ ಯಾವುದೋ ಅವನ್ನು ಬಿಡದೆ ತುಂಬುತ್ತಿದೆ ಎಂದರ್ಥ. 1990ರಲ್ಲಿ ಗೆಲಿಲಿಯೋ ನೌಕೆ ಭೂಮಿಯ ಪಕ್ಕ ಹಾದುಹೋದಾಗ ಖಗೋಳ ವಿಜ್ಞಾನಿ ಕಾರ್ಲ್ ಸೇಗನ್ ಮತ್ತು ಸಂಗಡಿಗರು ಇದನ್ನೇ ನಮ್ಮ ಭೂಮಿಯ ಮೇಲೆ ಪ್ರಯೋಗ ಮಾಡಿ ನೋಡಿದರು. ಆ ಎರಡು ಅನಿಲ ಸಿಕ್ಕವು. ಇನ್ನೊಂದು ಗುರುತೂ ಸಿಕ್ಕಿತು: ಹಸಿರು ಎಲೆ ಕೆಂಪು ಬೆಳಕನ್ನು ನುಂಗಿ, ಅದರಾಚೆಯ ಕಣ್ಣಿಗೆ ಕಾಣದ ಬೆಳಕನ್ನು ಜೋರಾಗಿ ಹಿಂದಕ್ಕೆ ಎಸೆಯುತ್ತದೆ. ನಮ್ಮ ಘಟ್ಟದ ಕಾಡಿನ ಪ್ರತಿ ಎಲೆಯೂ ಹಾಗೆ ಮಾಡುತ್ತಿದೆ.

ಅನ್ಯಗ್ರಹದವರು ಬಂದರು ಅನ್ನಿಸುವಂಥ ಬೆಳಕಿನ ಬಗ್ಗೆ ಒಂದು ಮಾತು ನಡುವೆ. ಸಂಜೆ ಆಕಾಶದಲ್ಲಿ ದೀಪಗಳ ಸಾಲು ರೈಲಿನಂತೆ ಹೋದರೆ ಅದು ಸ್ಟಾರ್‌ಲಿಂಕ್ ಉಪಗ್ರಹಗಳು. ಮೇ, ಜೂನ್‌ನಲ್ಲಿ ಫೋಟೊದಲ್ಲಿ ಅಂಕುಡೊಂಕು ಹಸಿರು ಗೆರೆ ಬಂದರೆ ಅದು ಮಿಂಚುಹುಳ. ಸಂಜೆ ಪಶ್ಚಿಮದಲ್ಲಿ ಬಹಳ ಹೊಳೆಯುವುದು ಹೆಚ್ಚಿನ ಸಲ ಶುಕ್ರ.

ಜೀವ ಇರುವ ಗ್ರಹದ ಬೆಳಕು ಹೇಗಿರುತ್ತದೆ ಅಂತ ನೋಡಲು ಟೆಲಿಸ್ಕೋಪ್ ಬೇಡ. ಬಿದಿಗೆ, ತದಿಗೆಯ ದಿನ ಸೂರ್ಯ ಮುಳುಗಿ ಮುಕ್ಕಾಲು ಗಂಟೆಯ ನಂತರ ಪಶ್ಚಿಮ ತೆರೆದಿರುವ ಗದ್ದೆ ಬದುವಿಗೆ ಹೋಗಿ. ತೆಳ್ಳಗಿನ ಚಂದ್ರನ ಬಿಳಿ ಗೆರೆ ಬಿಟ್ಟು ಉಳಿದ ಭಾಗ ನೋಡಿ. ಬೂದು ಬಣ್ಣದಲ್ಲಿ ಇಡೀ ಚಂದ್ರ ಮಸುಕಾಗಿ ಕಾಣುತ್ತಾನೆ. ಅಲ್ಲಿ ಬಿಸಿಲು ಬಿದ್ದಿಲ್ಲ. ಅದು ಭೂಮಿಯಿಂದ ಹೋಗಿ ಬಿದ್ದ ಬೆಳಕು. ಸಮುದ್ರ, ಮೋಡ, ಕಾಡು ಎಲ್ಲ ಸೇರಿ ಕಳಿಸಿದ್ದು. ವಿಜ್ಞಾನಿಗಳು ಈ ಬೆಳಕನ್ನೇ ಬಿಡಿಸಿ ಆಮ್ಲಜನಕವನ್ನು ಕಂಡಿದ್ದಾರೆ, ಎಲೆ ಹಸಿರಿನ ಆ ಗುರುತನ್ನೂ ಹುಡುಕಿದ್ದಾರೆ. ಬೈನಾಕ್ಯುಲರ್ ಇದ್ದರೆ ಆ ಬೂದು ಭಾಗದಲ್ಲಿ ಚಂದ್ರನ ಕಪ್ಪು ಬಯಲುಗಳೂ ಕಾಣುತ್ತವೆ. ಚಂದ್ರ ಮುಳುಗುವ ಮುಂಚೆ ಅರ್ಧ ಗಂಟೆ ಸಿಗುತ್ತದೆ, ತದಿಗೆಯಾದರೆ ಇನ್ನೂ ಸ್ವಲ್ಪ ಜಾಸ್ತಿ.